ಗಣಕದ ಕಾಲ ಎಲ್ಲಿ ಕಳೆಯಿತು? ಪ್ರೊಫೈಲ್ ಓದುವ ಆಯ್ಕೆಗಳ ಚರಿತ್ರೆ

ನೀವೊಂದು ಕ್ರಮವಿಧಿಯನ್ನು ಬರೆದಿದ್ದೀರಿ ಎಂದಿಟ್ಟುಕೊಳ್ಳಿ. ಉತ್ತರವೇನೋ ಸರಿಯಾಗಿಯೇ ಬರುತ್ತದೆ, ಆದರೆ ಬಹಳ ತಡವಾಗಿ ಬರುತ್ತದೆ. ಅದನ್ನು ಚುರುಕುಗೊಳಿಸಬೇಕು. ಎಲ್ಲಿಂದ ಆರಂಭಿಸುತ್ತೀರಿ? ಹೆಚ್ಚಿನವರು ತಮಗೆ ಕಷ್ಟವೆನಿಸಿದ ಭಾಗವೇ ಗಣಕಕ್ಕೂ ಕಷ್ಟವಾಗಿರಬೇಕು ಎಂದು ಊಹಿಸಿ ಅದನ್ನೇ ತಿದ್ದಲು ತೊಡಗುತ್ತಾರೆ. ಈ ಊಹೆ ಅನೇಕ ಸಲ ತಪ್ಪಾಗುತ್ತದೆ. ಮನುಷ್ಯನಿಗೆ ಬರೆಯಲು ಕಷ್ಟವಾದದ್ದು ಯಂತ್ರಕ್ಕೆ ನಡೆಸಲು ಸುಲಭವಾಗಿರಬಹುದು. ನಾವು ಲಕ್ಷ್ಯವನ್ನೇ ಕೊಡದ ಎರಡು ಸಾಲುಗಳು ಅರ್ಧ ಸಮಯವನ್ನು ನುಂಗುತ್ತಿರಬಹುದು.

ಇಂಥಲ್ಲಿ ಊಹೆಯನ್ನು ಬಿಟ್ಟು ಅಳೆಯುವ ವಿಧಾನಕ್ಕೆ 'ಪ್ರೊಫೈಲಿಂಗ್' ಎಂದು ಹೆಸರು. ಕ್ರಮವಿಧಿ ನಡೆಯುತ್ತಿರುವಾಗ ಅದರ ಯಾವ ಭಾಗ ಎಷ್ಟು ಸಮಯ ಬಳಸಿತು ಎಂಬ ಮಾಹಿತಿಯನ್ನು ಸಂಗ್ರಹಿಸಿ ಕಡತವೊಂದರಲ್ಲಿ ಇಡಲಾಗುತ್ತದೆ. ಬಳಿಕ ಇನ್ನೊಂದು ಆದೇಶ ಕೊಟ್ಟು ಆ ಕಡತವನ್ನು ಓದಲಾಗುತ್ತದೆ. ಹೀಗೆ ಓದುವ ಆದೇಶದ ಮುಂದೆ ಗಿಡ್ಡ ಗೆರೆಯೊಂದಿಗೆ ಬರೆಯುವ ಒಂದೊಂದು ಅಕ್ಷರದ ಅಥವಾ ಪದದ ಸೂಚನೆಗಳಿಗೆ 'ಆಯ್ಕೆಗಳು' ಎನ್ನುತ್ತಾರೆ. ಇವುಗಳನ್ನು ಗಣಕದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಇಲ್ಲಿ ಅವುಗಳ ಉಚ್ಚಾರಣೆಯನ್ನು ಕನ್ನಡದಲ್ಲಿ ಕೊಟ್ಟಿದೆ.

ಈ ಆಯ್ಕೆಗಳು ನೋಡಲು ಸಣ್ಣವು, ಕೈಪಿಡಿಯ ಮೂಲೆಯಲ್ಲಿ ಇರುವಂಥವು. ಆದರೆ ಒಂದು ಮಾತನ್ನು ಗಮನಿಸಿ. ಸಂಗ್ರಹವಾದ ಮಾಹಿತಿ ಒಂದೇ ಆಗಿದ್ದರೂ ಆಯ್ಕೆ ಬದಲಾದರೆ ಕಾಣುವ ಉತ್ತರ ಬದಲಾಗುತ್ತದೆ. ಏಕೆಂದರೆ ಪ್ರತಿಯೊಂದು ಆಯ್ಕೆಯೂ ಒಂದು ಪ್ರಶ್ನೆ. ಯಾವ ಪ್ರಶ್ನೆ ಕೇಳಬೇಕೆಂದು ತಂತ್ರಜ್ಞರು ಅರ್ಧ ಶತಮಾನದಲ್ಲಿ ಹೇಗೆ ಕಲಿತರು ಎಂಬುದೇ ಈ ಆಯ್ಕೆಗಳ ಚರಿತ್ರೆ.

ಕಸದ ಬುಟ್ಟಿ ಕಲಿಸಿದ ಪಾಠ

1970ರ ಸುಮಾರಿಗೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಕ್ನೂತ್ ಮತ್ತು ಅವರ ಸಂಗಡಿಗರು ಒಂದು ಸರಳ ಪ್ರಶ್ನೆಯನ್ನು ಎತ್ತಿಕೊಂಡರು. ಜನ ನಿಜವಾಗಿ ಎಂಥ ಕ್ರಮವಿಧಿಗಳನ್ನು ಬರೆಯುತ್ತಾರೆ? ಪಠ್ಯಪುಸ್ತಕದ ಮಾದರಿಗಳು ಅವರಿಗೆ ಬೇಕಿರಲಿಲ್ಲ. ಗಣಕ ಕೇಂದ್ರದ ಕಸದ ಬುಟ್ಟಿಗಳಲ್ಲಿ ಬಿದ್ದಿದ್ದ ಫೋರ್ಟ್ರಾನ್ ಕ್ರಮವಿಧಿಗಳನ್ನೂ ಅವರು ಆಯ್ದುಕೊಂಡರು. ಪ್ರತಿಯೊಂದು ಸಾಲು ಎಷ್ಟು ಬಾರಿ ನಡೆಯುತ್ತದೆ ಎಂದು ಎಣಿಸಿದರು. ಈ ಎಣಿಕೆಯ ಪಟ್ಟಿಯನ್ನೇ 'ಪ್ರೊಫೈಲ್' ಎಂದು ಕರೆದರು.

1971ರಲ್ಲಿ ಪ್ರಕಟವಾದ ಫಲಿತಾಂಶ ಅನೇಕರನ್ನು ಬೆರಗುಗೊಳಿಸಿತು. ಸಾಮಾನ್ಯವಾಗಿ ಕ್ರಮವಿಧಿಯೊಂದರ ಶೇ. 4ಕ್ಕಿಂತಲೂ ಕಡಿಮೆ ಭಾಗ ಅರ್ಧಕ್ಕಿಂತ ಹೆಚ್ಚು ಸಮಯವನ್ನು ಬಳಸುತ್ತಿತ್ತು. ಎಣಿಸುವ ಸಾಧನವೂ ಇದಕ್ಕೆ ಹೊರತಾಗಿರಲಿಲ್ಲ. ಅದನ್ನು ಅದರ ಮೇಲೆಯೇ ಪ್ರಯೋಗಿಸಿದಾಗ ಎರಡು ಸಣ್ಣ ಆವರ್ತನೆಗಳಲ್ಲಿ ಅರ್ಧಕ್ಕೂ ಹೆಚ್ಚು ಸಮಯ ಹೋಗುತ್ತಿರುವುದು ತಿಳಿಯಿತು. ಸ್ವಲ್ಪ ತಿದ್ದಿದ್ದರಿಂದ ಅದರ ವೇಗ ಇಮ್ಮಡಿಯಾಯಿತು.

ಇಲ್ಲಿ ಶಾಲೆಯ ಗಣಿತವೇ ಸಾಕು. ಒಟ್ಟು ಸಮಯದ ಅರ್ಧವನ್ನು ಬಳಸುವ ಭಾಗವನ್ನು 10 ಪಟ್ಟು ಚುರುಕುಗೊಳಿಸಿದರೆ ಒಟ್ಟು ಸಮಯ 1ರಿಂದ 0.5 + 0.05 = 0.55ಕ್ಕೆ ಇಳಿಯುತ್ತದೆ. ಎಂದರೆ ಇಡೀ ಕ್ರಮವಿಧಿ ಸುಮಾರು 1.8 ಪಟ್ಟು ಚುರುಕಾಗುತ್ತದೆ. ಆದರೆ ಕೇವಲ ಶೇ. 5ರಷ್ಟು ಸಮಯ ಬಳಸುವ ಭಾಗವನ್ನು ಎಷ್ಟೇ ಚುರುಕುಗೊಳಿಸಿ, ಅದರ ಸಮಯವನ್ನು ಸೊನ್ನೆಗೇ ಇಳಿಸಿ, ಲಾಭ ಸುಮಾರು 1.05 ಪಟ್ಟಿನಷ್ಟೇ. ಹಾಗಾಗಿ ತಪ್ಪು ಜಾಗದಲ್ಲಿ ಒಂದು ತಿಂಗಳು ದುಡಿಯುವುದಕ್ಕಿಂತ ಸರಿಯಾದ ಜಾಗದಲ್ಲಿ ಒಂದು ಗಂಟೆ ದುಡಿಯುವುದು ಮೇಲು. ಆ ಸರಿಯಾದ ಜಾಗವನ್ನು ತೋರಿಸುವುದೇ ಪ್ರೊಫೈಲಿನ ಕೆಲಸ.

ಗಡಿಯಾರದ ಟಿಕ್ ಮತ್ತು 'ಪ್ರಾಫ್'

ಸಾಲು ಸಾಲನ್ನೂ ಎಣಿಸುವುದು ನಿಖರ, ಆದರೆ ದುಬಾರಿ. ಎಣಿಸುವ ಕೆಲಸವೇ ಕ್ರಮವಿಧಿಯನ್ನು ನಿಧಾನಗೊಳಿಸುತ್ತದೆ. 1970ರ ದಶಕದಲ್ಲಿ ಬೆಲ್ ಪ್ರಯೋಗಾಲಯದಲ್ಲಿ ರೂಪುಗೊಂಡ ಯುನಿಕ್ಸ್ ವ್ಯವಸ್ಥೆಯಲ್ಲಿ 'ಪ್ರಾಫ್' ಎಂಬ ಆದೇಶ ಬೇರೊಂದು ದಾರಿ ಹಿಡಿಯಿತು. ಗಣಕದ ಒಳಗಿನ ಗಡಿಯಾರ ಸೆಕೆಂಡಿಗೆ 60 ಬಾರಿ 'ಟಿಕ್' ಎನ್ನುತ್ತಿತ್ತು. ಪ್ರತಿ ಟಿಕ್‌ಗೂ ಕಾರ್ಯಾಚರಣೆ ವ್ಯವಸ್ಥೆಯು ಕ್ರಮವಿಧಿ ಆ ಕ್ಷಣದಲ್ಲಿ ಎಲ್ಲಿದೆ ಎಂದು ಇಣುಕಿ ನೋಡಿ, ಆ ಜಾಗದ ಲೆಕ್ಕಕ್ಕೆ ಒಂದನ್ನು ಸೇರಿಸುತ್ತಿತ್ತು. ತರಗತಿಯ ಬಾಗಿಲಲ್ಲಿ ಆಗಾಗ ಇಣುಕುವ ಮುಖ್ಯೋಪಾಧ್ಯಾಯರಂತೆ! ಹತ್ತು ಸಲ ಇಣುಕಿದಾಗ ಎಂಟು ಸಲ ಹುಡುಗ ಮಾತನಾಡುತ್ತಿದ್ದರೆ, ಅವನು ಹೆಚ್ಚು ಹೊತ್ತು ಮಾತಿನಲ್ಲೇ ಕಳೆಯುತ್ತಾನೆ ಎಂದು ತೀರ್ಮಾನಿಸಬಹುದಲ್ಲವೇ? ಇದೇ ಮಾದರಿ ಸಂಗ್ರಹ ಅಥವಾ ಸ್ಯಾಂಪ್ಲಿಂಗ್ ವಿಧಾನ.

1979ರ ಏಳನೆಯ ಆವೃತ್ತಿಯ ಯುನಿಕ್ಸ್ ಕೈಪಿಡಿಯಲ್ಲಿ ಈ ಆದೇಶಕ್ಕೆ ಕೆಲವೇ ಆಯ್ಕೆಗಳಿದ್ದವು. ಏನನ್ನೂ ಕೊಡದಿದ್ದರೆ ಹೆಚ್ಚು ಸಮಯ ಬಳಸಿದ ಫಂಕ್ಷನ್ ಮೊದಲು ಬರುವಂತೆ ಪಟ್ಟಿ ಮುದ್ರಣವಾಗುತ್ತಿತ್ತು. '-ಎಲ್' ಕೊಟ್ಟರೆ ಅದೇ ಪಟ್ಟಿ ಸ್ಮೃತಿಯಲ್ಲಿ ಫಂಕ್ಷನ್‌ಗಳು ಇರುವ ಕ್ರಮದಲ್ಲಿ ಬರುತ್ತಿತ್ತು. '-ಎ' ಎಂದರೆ ಹೊರಗೆ ಕಾಣುವ ಹೆಸರುಗಳಷ್ಟೇ ಅಲ್ಲದೆ ಎಲ್ಲ ಹೆಸರುಗಳನ್ನೂ ತೋರಿಸಬೇಕು. '-ವಿ' ಎಂದರೆ ಅಂಕಿಗಳ ಬದಲು ನಕ್ಷೆ ಎಳೆಯಬೇಕು. ಚಿತ್ರವಾಗಿ ನೋಡುವ ಆಸೆ ಆಗಲೇ ಇತ್ತು ಎಂಬುದನ್ನು ನೆನಪಿನಲ್ಲಿಡಿ, ಮುಂದೆ ಅದು ಮತ್ತೆ ಬರುತ್ತದೆ.

ಸ್ಯಾಂಪ್ಲಿಂಗ್‌ನಲ್ಲಿ ದೋಷ ಇದ್ದೇ ಇರುತ್ತದೆ. ಒಂದು ಫಂಕ್ಷನ್‌ಗೆ 100 ಟಿಕ್‌ಗಳು ಬಿದ್ದರೆ ಅದರಲ್ಲಿ ಸುಮಾರು 10ರಷ್ಟು, ಎಂದರೆ 100ರ ವರ್ಗಮೂಲದಷ್ಟು, ಹೆಚ್ಚುಕಡಿಮೆ ಸಹಜ. ಬಿದ್ದದ್ದು 4 ಟಿಕ್‌ಗಳಾದರೆ 2ರಷ್ಟು ವ್ಯತ್ಯಾಸ ಸಹಜ, ಅದು ಅರ್ಧದಷ್ಟಾಯಿತು! ಆದ್ದರಿಂದ ಪಟ್ಟಿಯ ಕೆಳತುದಿಯ ಅಂಕಿಗಳನ್ನು ನಂಬಿ ಕೆಲಸ ಆರಂಭಿಸಬಾರದು. ಆ ಹಳೆಯ ಕೈಪಿಡಿಯೇ ಇಂಥ ದೋಷದ ಬಗ್ಗೆ ಎಚ್ಚರದಿಂದಿರಲು ಹೇಳುತ್ತಿತ್ತು.

ಕರೆದವರು ಯಾರು?

ಪ್ರಾಫ್‌ನ ಪಟ್ಟಿ ಚಪ್ಪಟೆಯಾದದ್ದು. ಯಾವ ಫಂಕ್ಷನ್ ಎಷ್ಟು ಸಮಯ ತಿಂದಿತು ಎಂದು ಹೇಳುತ್ತಿತ್ತೇ ಹೊರತು ಯಾರ ಸಲುವಾಗಿ ಎಂದು ಹೇಳುತ್ತಿರಲಿಲ್ಲ. ಕ್ರಮವಿಧಿಗಳು ಚಿಕ್ಕದಾಗಿದ್ದಾಗ ಇದು ದೊಡ್ಡ ಕೊರತೆಯಾಗಿರಲಿಲ್ಲ. ಆದರೆ ಕ್ರಮವಿಧಿಯನ್ನು ಸಣ್ಣ ಸಣ್ಣ ಫಂಕ್ಷನ್‌ಗಳಾಗಿ ಒಡೆದು ಬರೆಯುವ ಒಳ್ಳೆಯ ಅಭ್ಯಾಸ ಬೆಳೆದಂತೆ ಸಮಯವೂ ಚೂರುಚೂರಾಗಿ ಹಂಚಿಹೋಯಿತು. ಅಕ್ಷರಗಳನ್ನು ನಕಲು ಮಾಡುವ ಒಂದು ಪುಟ್ಟ ಫಂಕ್ಷನ್ ಪಟ್ಟಿಯ ಮೇಲ್ತುದಿಗೆ ಬಂದರೆ ಏನು ಮಾಡಬೇಕು? ಅದನ್ನು ಮೂವತ್ತು ಕಡೆಗಳಿಂದ ಕರೆಯಲಾಗುತ್ತಿರಬಹುದು. ತಪ್ಪು ಅದರದ್ದಲ್ಲ, ಅದನ್ನು ಅಗತ್ಯಕ್ಕಿಂತ ಹೆಚ್ಚಾಗಿ ಕರೆಯುವವರದ್ದು.

ಈ ಕೊರತೆಯನ್ನು ನೀಗಿಸಿದವರು ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಸೂಸನ್ ಗ್ರಹಾಂ, ಪೀಟರ್ ಕೆಸ್ಲರ್ ಮತ್ತು ಮಾರ್ಷಲ್ ಕರ್ಕ್ ಮೆಕ್ಯೂಸಿಕ್. 1982ರಲ್ಲಿ ಅವರು 'ಜಿಪ್ರಾಫ್' ಎಂಬ ಸಾಧನದ ಕುರಿತು ಪ್ರಬಂಧ ಮಂಡಿಸಿದರು. '-ಪಿಜಿ' ಎಂಬ ಆಯ್ಕೆಯೊಂದಿಗೆ ಕಂಪೈಲ್ ಮಾಡಿದರೆ ಪ್ರತಿಯೊಂದು ಫಂಕ್ಷನ್‌ನ ಆರಂಭದಲ್ಲಿ 'ಎಂಕೌಂಟ್' ಎಂಬ ಪುಟ್ಟ ಕಾವಲುಗಾರನೊಬ್ಬ ಸೇರಿಕೊಳ್ಳುತ್ತಾನೆ. ಯಾರು ಯಾರನ್ನು ಎಷ್ಟು ಸಲ ಕರೆದರು ಎಂದು ಅವನು ಬರೆದಿಡುತ್ತಾನೆ. ಗಡಿಯಾರದ ಟಿಕ್‌ಗಳ ಲೆಕ್ಕ ಹಿಂದಿನಂತೆಯೇ ಇರುತ್ತದೆ. ಎರಡೂ 'ಜಿಮಾನ್ ಡಾಟ್ ಔಟ್' ಎಂಬ ಕಡತಕ್ಕೆ ಹೋಗುತ್ತವೆ. ಇದಕ್ಕಾಗಿ ಕ್ರಮವಿಧಿ ತೆರಬೇಕಾದ ಹೆಚ್ಚುವರಿ ಸಮಯ ಶೇ. 5ರಿಂದ 30ರಷ್ಟು ಎಂದು ಪ್ರಬಂಧಕಾರರು ತಿಳಿಸಿದರು.

ಓದುವ ಹಂತದಲ್ಲಿ ಜಿಪ್ರಾಫ್ ಫಂಕ್ಷನ್ ಒಂದಕ್ಕೆ ಒಂದು ಚಿಕ್ಕ ಕುಟುಂಬಚಿತ್ರವನ್ನು ಮುದ್ರಿಸುತ್ತದೆ. ನಡುವೆ ಆ ಫಂಕ್ಷನ್, ಮೇಲಿನ ಸಾಲುಗಳಲ್ಲಿ ಅದನ್ನು ಕರೆದವರು, ಕೆಳಗಿನ ಸಾಲುಗಳಲ್ಲಿ ಅದು ಕರೆದವರು. ಪ್ರತಿಯೊಂದಕ್ಕೂ ಎರಡು ಬಗೆಯ ಸಮಯ: ಸ್ವಂತ ಸಮಯ ಮತ್ತು ಮಕ್ಕಳ ಸಮಯ. ಕೆಳಗಿನವರ ಸಮಯವನ್ನು ಮೇಲಿನವರಿಗೆ ಕರೆಗಳ ಸಂಖ್ಯೆಯ ಪ್ರಮಾಣದಲ್ಲಿ ಹಂಚಲಾಗುತ್ತದೆ.

ಈಗ ಅದರ ಆಯ್ಕೆಗಳನ್ನು ನೋಡೋಣ. '-ಬಿ' ಎಂದರೆ ಚುಟುಕಾಗಿ ತೋರಿಸು ಎಂದರ್ಥ. ಜಿಪ್ರಾಫ್ ತನ್ನ ವರದಿಯೊಂದಿಗೆ ಪ್ರತಿ ಕಾಲಮ್ಮಿನ ಅರ್ಥವನ್ನೂ ಮುದ್ರಿಸುತ್ತದೆ. ಮೊದಲ ಸಲ ಓದುವವರಿಗೆ ಅದು ಮೇಷ್ಟ್ರು, ನೂರನೆಯ ಸಲ ಓದುವವರಿಗೆ ಕಿರಿಕಿರಿ. '-ಜೆಡ್' ಕೊಟ್ಟರೆ ಒಮ್ಮೆಯೂ ಬಳಕೆಯಾಗದ ಫಂಕ್ಷನ್‌ಗಳೂ ಪಟ್ಟಿಗೆ ಬರುತ್ತವೆ. ನಾನು ಬರೆದದ್ದರಲ್ಲಿ ನಡೆಯದೇ ಉಳಿದದ್ದು ಯಾವುದು ಎಂಬ ಪ್ರಶ್ನೆಗೆ ಇದು ಉತ್ತರ. '-ಎಸ್' ಕೊಟ್ಟರೆ ಹಲವು ಓಟಗಳ ಕಡತಗಳು ಕೂಡಿ ಒಂದೇ ಮೊತ್ತದ ಕಡತವಾಗುತ್ತದೆ. ಇದರ ಉಪಯೋಗ ಈಗ ನಿಮಗೇ ಹೊಳೆದಿರಬಹುದು. ಟಿಕ್‌ಗಳ ಸಂಖ್ಯೆ ನೂರು ಪಟ್ಟಾದರೆ ದೋಷದ ಪ್ರಮಾಣ ಹತ್ತನೇ ಒಂದಕ್ಕೆ ಇಳಿಯುತ್ತದೆ.

ಇನ್ನೂ ಸ್ವಾರಸ್ಯಕರವಾದದ್ದು ಸಣ್ಣ ಅಕ್ಷರದ 'ಇ' ಮತ್ತು ದೊಡ್ಡ ಅಕ್ಷರದ 'ಇ' ಆಯ್ಕೆಗಳ ಭೇದ. ಸಣ್ಣದು, ಹೇಳಿದ ಫಂಕ್ಷನ್‌ನ ವಿವರವನ್ನು ವರದಿಯಿಂದ ಮರೆಮಾಡುತ್ತದೆ, ಆದರೆ ಅದರ ಸಮಯ ಮೊತ್ತದಲ್ಲಿ ಉಳಿಯುತ್ತದೆ. ದೊಡ್ಡದು ಅದರ ಸಮಯವನ್ನೇ ಮೊತ್ತದಿಂದ ತೆಗೆದುಹಾಕುತ್ತದೆ. ಒಂದು ಉದಾಹರಣೆ ನೋಡಿ. ಒಟ್ಟು 10 ಸೆಕೆಂಡುಗಳಲ್ಲಿ ಕಡತ ಓದಲು 6, ಲೆಕ್ಕಾಚಾರಕ್ಕೆ 2, ವಿಂಗಡಣೆಗೆ 2 ಸೆಕೆಂಡು ಹೋಗಿವೆ ಎನ್ನಿ. ಸಣ್ಣ 'ಇ' ಬಳಸಿ ಕಡತ ಓದುವುದನ್ನು ಮರೆಮಾಡಿದರೆ ವಿಂಗಡಣೆಯ ಪಾಲು ಶೇ. 20 ಆಗಿಯೇ ಉಳಿಯುತ್ತದೆ. ದೊಡ್ಡ 'ಇ' ಬಳಸಿದರೆ ಅದೇ 2 ಸೆಕೆಂಡು ಶೇ. 50 ಆಗುತ್ತದೆ! ಎರಡೂ ಸುಳ್ಳಲ್ಲ, ಆದರೆ ಛೇದ ಬೇರೆ. ಶೇಕಡಾವಾರು ಕಂಡಾಗಲೆಲ್ಲ 'ಯಾವುದರ ಶೇಕಡಾ?' ಎಂದು ಕೇಳಬೇಕೆಂಬ ಪಾಠವನ್ನು ಇಷ್ಟು ಚೆನ್ನಾಗಿ ತೋರಿಸುವ ಉದಾಹರಣೆ ಅಪರೂಪ. ಅಂದ ಹಾಗೆ, ಎಂಕೌಂಟ್ ಎಂಬ ಆ ಕಾವಲುಗಾರನ ಸಮಯವನ್ನು ಬರ್ಕ್ಲಿಯ ಜಿಪ್ರಾಫ್ ಯಾರೂ ಕೇಳದೆಯೇ ಮೊತ್ತದಿಂದ ತೆಗೆಯುತ್ತಿತ್ತು. ಅಳೆಯುವವನ ಕೂಲಿಯನ್ನು ಅಳೆಸಿಕೊಂಡವನ ಲೆಕ್ಕಕ್ಕೆ ಹಾಕಬಾರದಲ್ಲವೇ?

ಬರ್ಕ್ಲಿಯವರು ಈ ಸಾಧನವನ್ನು ತಮ್ಮ ಯುನಿಕ್ಸ್‌ನ ತಿರುಳಿನ ಮೇಲೆಯೇ ಬಳಸಿದರು. ಕಡತದ ಹೆಸರಿನಿಂದ ಕಡತವನ್ನು ಹುಡುಕುವ ಕೆಲಸ ಬಹಳ ದುಬಾರಿ ಎಂದು ಅದರಿಂದ ಗೊತ್ತಾಯಿತು. ಮುಂದಿನ ಆವೃತ್ತಿಯಲ್ಲಿ, ಇತ್ತೀಚೆಗೆ ಹುಡುಕಿದ ಹೆಸರುಗಳನ್ನು ನೆನಪಿಟ್ಟುಕೊಳ್ಳುವ ಏರ್ಪಾಡು ಸೇರಿತು. ಆದರೆ ತಿರುಳಿನಲ್ಲಿ ಒಂದು ತೊಡಕೂ ಎದುರಾಯಿತು. ಫಂಕ್ಷನ್‌ಗಳು ಸುತ್ತಿಬಳಸಿ ಒಂದನ್ನೊಂದು ಕರೆದಾಗ ಯಾರು ತಾಯಿ, ಯಾರು ಮಗು ಎಂದು ಹೇಳಲಾಗುವುದಿಲ್ಲ. ಇಡೀ ವೃತ್ತವನ್ನು ಒಂದೇ ಗುಂಪೆಂದು ಜಿಪ್ರಾಫ್ ತೋರಿಸುತ್ತದೆ. ಗುಂಪು ದೊಡ್ಡದಾದರೆ ವರದಿಯಿಂದ ಏನೂ ತಿಳಿಯುವುದಿಲ್ಲ. ಇದಕ್ಕಾಗಿ '-ಕೆ' ಆಯ್ಕೆ ಬಂತು. ಇಂಥವರಿಂದ ಇಂಥವರಿಗೆ ಹೋದ ಕರೆಯನ್ನು ಲೆಕ್ಕಕ್ಕೆ ಹಿಡಿಯಬೇಡ ಎಂದು ಹೇಳಿ ಓದುಗರೇ ವೃತ್ತವನ್ನು ಕತ್ತರಿಸಬಹುದು.

ಸರಾಸರಿಯ ಮೋಸ

ಜಿಪ್ರಾಫ್‌ನ ಹಂಚಿಕೆಯಲ್ಲಿ ಒಂದು ನಂಬಿಕೆ ಅಡಗಿದೆ. ಒಂದು ಫಂಕ್ಷನ್‌ನ ಪ್ರತಿಯೊಂದು ಕರೆಯೂ ಸರಾಸರಿ ಅಷ್ಟೇ ಸಮಯ ತೆಗೆದುಕೊಳ್ಳುತ್ತದೆ ಎಂಬುದೇ ಆ ನಂಬಿಕೆ. ಇದು ಯಾವಾಗಲೂ ನಿಜವಲ್ಲ. ವಿಂಗಡಿಸುವ ಫಂಕ್ಷನ್ ಒಂದನ್ನು 'ಅ' ಎಂಬ ಭಾಗವು ಐದೈದು ಹೆಸರುಗಳಿಗಾಗಿ 99 ಸಲ ಕರೆಯುತ್ತದೆ, 'ಬ' ಎಂಬ ಭಾಗವು 50,000 ಹೆಸರುಗಳಿಗಾಗಿ ಒಂದೇ ಸಲ ಕರೆಯುತ್ತದೆ ಎನ್ನಿ. ಸಮಯವೆಲ್ಲ ಹೋದದ್ದು 'ಬ'ನ ಸಲುವಾಗಿ. ಆದರೆ ಕರೆಗಳ ಸಂಖ್ಯೆಯ ಪ್ರಕಾರ ಹಂಚುವ ಜಿಪ್ರಾಫ್, ನೂರರಲ್ಲಿ 99 ಪಾಲನ್ನು ಪಾಪದ 'ಅ'ನ ತಲೆಗೆ ಕಟ್ಟುತ್ತದೆ!

ಅಳೆದ ಅಂಕಿ ಎಂದಾಕ್ಷಣ ಅದು ಸತ್ಯವಲ್ಲ. ಅಂಕಿ ಹೇಗೆ ಬಂತು ಎಂದು ತಿಳಿಯದೆ ವರದಿಯನ್ನು ನಂಬಿದರೆ ಊಹೆಯಷ್ಟೇ ದೂರ ದಾರಿ ತಪ್ಪಬಹುದು. 1982ರಲ್ಲಿ ಈ ಸರಾಸರಿಯನ್ನು ಒಪ್ಪಿಕೊಂಡದ್ದಕ್ಕೆ ಕಾರಣವಿತ್ತು. ಅಂದಿನ ಯಂತ್ರಗಳಲ್ಲಿ ಸ್ಮೃತಿ ಕಡಿಮೆ, ವೇಗ ಕಡಿಮೆ. ಪ್ರತಿ ಟಿಕ್‌ಗೂ ಕರೆಗಳ ಇಡೀ ಸರಪಳಿಯನ್ನು ಬರೆದಿಡುವುದು ದುಬಾರಿಯಾಗುತ್ತಿತ್ತು.

ಸರಪಳಿಯನ್ನೇ ಹಿಡಿದಿಡುವ ಕಾಲ

1990ರ ದಶಕದಲ್ಲಿ ಪ್ರೊಸೆಸರುಗಳ ಒಳಗೇ ಘಟನೆಗಳನ್ನು ಎಣಿಸುವ ಯಂತ್ರಾಂಶ ಬಂತು. ಎಷ್ಟು ಆವರ್ತಗಳು ಕಳೆದವು, ಬೇಕಾದ ದತ್ತಾಂಶ ಹತ್ತಿರದ ಸ್ಮೃತಿಯಲ್ಲಿ ಸಿಗದೆ ಎಷ್ಟು ಸಲ ದೂರ ಹೋಗಬೇಕಾಯಿತು ಎಂಬಂಥ ಸೂಕ್ಷ್ಮಗಳೂ ಅಳತೆಗೆ ಸಿಕ್ಕವು. 1997ರಲ್ಲಿ ಡಿಜಿಟಲ್ ಸಂಸ್ಥೆಯ ಸಂಶೋಧಕರು ತಮ್ಮ ಆಲ್ಫಾ ಯಂತ್ರಗಳಲ್ಲಿ ಕೇವಲ ಶೇ. 1ರಿಂದ 3ರಷ್ಟು ಹೊರೆಯೊಂದಿಗೆ ದಿನವಿಡೀ ಪ್ರೊಫೈಲ್ ಮಾಡಬಹುದೆಂದು ತೋರಿಸಿದರು. ವಿಶೇಷವಾಗಿ ಕಂಪೈಲ್ ಮಾಡುವ ಅಗತ್ಯವೂ ಇರಲಿಲ್ಲ.

2009ರಲ್ಲಿ ಲಿನಕ್ಸ್ ತಿರುಳಿನ 2.6.31ನೇ ಆವೃತ್ತಿಯೊಂದಿಗೆ 'ಪರ್ಫ್' ಎಂಬ ಸಾಧನ ಬಂತು. 'ಪರ್ಫ್ ರೆಕಾರ್ಡ್' ಎಂದರೆ ಸಂಗ್ರಹಿಸು, 'ಪರ್ಫ್ ರಿಪೋರ್ಟ್' ಎಂದರೆ ಓದಿ ತೋರಿಸು. ಸಂಗ್ರಹಿಸುವಾಗ '-ಜಿ' ಕೊಟ್ಟರೆ ಪ್ರತಿ ಸ್ಯಾಂಪಲ್‌ನೊಂದಿಗೆ ಯಾರು ಯಾರನ್ನು ಕರೆದು ಇಲ್ಲಿಗೆ ಬಂದರು ಎಂಬ ಪೂರ್ಣ ಸರಪಳಿಯೂ ದಾಖಲಾಗುತ್ತದೆ. ಮೇಲಿನ ಉದಾಹರಣೆಯ 'ಅ'ನಿಗೆ ಇಲ್ಲಿ ನ್ಯಾಯ ಸಿಗುತ್ತದೆ, ಏಕೆಂದರೆ ಹಂಚಿಕೆ ಸರಾಸರಿಯಿಂದಲ್ಲ, ಕಣ್ಣಾರೆ ಕಂಡ ಸರಪಳಿಗಳಿಂದ.

ಓದುವ ಆಯ್ಕೆಗಳಲ್ಲಿ ಮುಖ್ಯವಾದದ್ದು '--ಸಾರ್ಟ್'. ಇದು ಹೆಸರಿಗೆ ವಿಂಗಡಣೆಯಾದರೂ ನಿಜದಲ್ಲಿ ಗುಂಪುಗೂಡಿಸುವಿಕೆ. ಕ್ರಮವಿಧಿಯ ಪ್ರಕಾರವೋ, ಲೈಬ್ರರಿ ಕಡತದ ಪ್ರಕಾರವೋ, ಫಂಕ್ಷನ್‌ನ ಪ್ರಕಾರವೋ ಎಂದು ನೀವು ಹೇಳಬಹುದು. ಒಂದು ಶಾಲೆಯ ಫಲಿತಾಂಶವನ್ನು ತರಗತಿವಾರು, ವಿಷಯವಾರು, ವಿದ್ಯಾರ್ಥಿವಾರು ನೋಡಿದಂತೆ. ಅಂಕಗಳು ಅವೇ, ಕಾಣುವ ಸಂಗತಿ ಬೇರೆ. '--ಸ್ಟ್‌ಡಿಯೋ' ಕೊಟ್ಟರೆ ವರದಿ ಸಾದಾ ಪಠ್ಯವಾಗಿ ಬರುತ್ತದೆ, ಮುದ್ರಿಸಿ ತರಗತಿಯಲ್ಲಿ ಹಂಚಲು ಅನುಕೂಲ.

2014ರಲ್ಲಿ ಇದರ ವರದಿಯ ರೂಢಿಯ ಕ್ರಮ ಬದಲಾಯಿತು. ಸರಪಳಿಗಳನ್ನು ದಾಖಲಿಸಿದ್ದರೆ, ಸ್ವಂತ ಸಮಯದ ಪಕ್ಕದಲ್ಲಿ ಮಕ್ಕಳ ಸಮಯವನ್ನೂ ಸೇರಿಸಿದ ಕಾಲಮ್ಮು ಮೊದಲು ಕಾಣತೊಡಗಿತು. ಮೊದಲ ಸಲ ನೋಡಿದವರು ಗಲಿಬಿಲಿಗೊಂಡರೆ ಆಶ್ಚರ್ಯವಿಲ್ಲ, ಏಕೆಂದರೆ ಆ ಕಾಲಮ್ಮಿನ ಅಂಕಿಗಳನ್ನು ಕೂಡಿದರೆ ಶೇ. 100ನ್ನು ಮೀರುತ್ತದೆ. ಅಜ್ಜ, ಅಪ್ಪ, ಮಗ ಮೂವರ ಲೆಕ್ಕದಲ್ಲೂ ಮಗನ ಸಮಯವೇ ಸೇರಿರುವುದರಿಂದ ಹಾಗಾಗುವುದು ಸಹಜ. ಹಳೆಯ ನೋಟವೇ ಬೇಕೆಂದರೆ '--ನೋ-ಚಿಲ್ಡ್ರನ್' ಎಂದು ಕೇಳಬೇಕು.

ಗೂಗಲ್‌ನಲ್ಲಿ ಹುಟ್ಟಿದ 'ಪಿಪ್ರಾಫ್' ಸಾಧನದಲ್ಲೂ ಇದೇ ಪ್ರಶ್ನೆಗಳು ಹೊಸ ಹೆಸರುಗಳಲ್ಲಿ ಬಂದಿವೆ. ಸ್ವಂತ ಸಮಯಕ್ಕೆ 'ಫ್ಲ್ಯಾಟ್', ಮಕ್ಕಳನ್ನೂ ಸೇರಿಸಿದ್ದಕ್ಕೆ 'ಕಮ್'. ಬೇಕಾದ ಫಂಕ್ಷನ್ ಇರುವ ಸರಪಳಿಗಳನ್ನಷ್ಟೇ ನೋಡಲು 'ಫೋಕಸ್', ಬೇಡದ್ದನ್ನು ಬಿಡಲು 'ಇಗ್ನೋರ್'. ಜಿಪ್ರಾಫ್‌ನ ಒಂದಕ್ಷರದ ಆಯ್ಕೆಗಳ ಮೊಮ್ಮಕ್ಕಳು ಇವು ಎನ್ನಬಹುದು.

ಸಾಲುಗಳಿಂದ ಚಿತ್ರಕ್ಕೆ

ಸರಪಳಿಗಳನ್ನು ಹಿಡಿದಿಟ್ಟರೆ ಹೊಸ ಸಮಸ್ಯೆ: ಓದುವವರು ಯಾರು? 2011ರಲ್ಲಿ ಬ್ರೆಂಡನ್ ಗ್ರೆಗ್ ಎಂಬ ತಂತ್ರಜ್ಞರು ಮೈಎಸ್‌ಕ್ಯೂಎಲ್ ದತ್ತಸಂಚಯದ ನಿಧಾನಗತಿಯನ್ನು ಪರಿಶೀಲಿಸುತ್ತಿದ್ದಾಗ ವರದಿ ಐದು ಲಕ್ಷ ಸಾಲುಗಳನ್ನು ಮೀರಿತ್ತು. ಅದರಲ್ಲಿ ಅತಿ ಹೆಚ್ಚು ಸಲ ಕಂಡ ಸರಪಳಿಯೂ ಒಟ್ಟು ಸಮಯದ ಶೇ. 3ನ್ನು ಮುಟ್ಟುತ್ತಿರಲಿಲ್ಲ. ಮೊದಲ ಸ್ಥಾನದಲ್ಲಿದ್ದದ್ದೇ ಅಪರಾಧಿ ಎಂದು ತಿಳಿಯುವಂತಿರಲಿಲ್ಲ. ಆಗ ಅವರು ಸರಪಳಿಗಳನ್ನು ಒಂದರ ಮೇಲೊಂದು ಪಟ್ಟಿಗಳಾಗಿ ಜೋಡಿಸಿ, ಸಮಾನ ಭಾಗಗಳನ್ನು ಕೂಡಿಸಿ ಚಿತ್ರ ಮಾಡಿದರು. ಅಗಲವಾದ ಪಟ್ಟಿ ಹೆಚ್ಚು ಸಮಯವನ್ನು ಸೂಚಿಸುತ್ತದೆ. ಬೆಂಕಿಯ ನಾಲಗೆಗಳಂತೆ ಕಾಣುವ ಈ ಚಿತ್ರಕ್ಕೆ 'ಫ್ಲೇಮ್ ಗ್ರಾಫ್' ಎಂಬ ಹೆಸರು ಬಂತು. ಇದನ್ನು ನೋಡುವಾಗ ಒಂದು ಎಚ್ಚರಿಕೆ ಅಗತ್ಯ. ಎಡದಿಂದ ಬಲಕ್ಕೆ ಕಾಲ ಹರಿಯುತ್ತದೆ ಎಂದು ಭಾವಿಸಬಾರದು. ಪಟ್ಟಿಗಳನ್ನು ಅಕ್ಷರಕ್ರಮದಲ್ಲಿ ಇಟ್ಟಿರುತ್ತದೆ, ಅರ್ಥವಿರುವುದು ಅಗಲಕ್ಕೆ ಮಾತ್ರ. ಏಳನೆಯ ಆವೃತ್ತಿಯ '-ವಿ' ಆಯ್ಕೆಯ ಆಸೆ ಹೀಗೆ ಮೂರು ದಶಕಗಳ ನಂತರ ಹೊಸ ರೂಪದಲ್ಲಿ ಕೈಗೂಡಿತು.

ಈ ಸರಪಳಿಗಳು ಸಿಗಬೇಕಾದರೆ ಕಂಪೈಲರ್ ಒಂದು ಗುರುತನ್ನು ಉಳಿಸಿಕೊಡಬೇಕು. ಅದಕ್ಕೆ 'ಫ್ರೇಮ್ ಪಾಯಿಂಟರ್' ಎನ್ನುತ್ತಾರೆ. ಸ್ವಲ್ಪ ವೇಗದ ಆಸೆಗೆ ವರ್ಷಗಟ್ಟಲೆ ಈ ಗುರುತನ್ನು ಬಿಟ್ಟುಬಿಡುವ ರೂಢಿಯಿತ್ತು. ಪರಿಣಾಮವಾಗಿ ಪ್ರೊಫೈಲಿನ ಸರಪಳಿಗಳು ಅರ್ಧಕ್ಕೇ ತುಂಡಾಗುತ್ತಿದ್ದವು. ಸಾಕಷ್ಟು ವಾದವಿವಾದದ ಬಳಿಕ 2023ರಲ್ಲಿ ಫೆಡೋರಾ 38 ಮತ್ತು 2024ರಲ್ಲಿ ಉಬುಂಟು 24.04 ತಮ್ಮ ಪ್ಯಾಕೇಜುಗಳಲ್ಲಿ ಈ ಗುರುತನ್ನು ಮತ್ತೆ ಉಳಿಸಲು ನಿರ್ಧರಿಸಿದವು. ಕಾಲ ಎಲ್ಲಿ ಹೋಗುತ್ತಿದೆ ಎಂದು ಕಾಣುವುದಕ್ಕಾಗಿ ಸ್ವಲ್ಪ ಕಾಲವನ್ನು ಕೊಡಬಹುದು ಎಂಬುದೇ ಈ ನಿರ್ಧಾರದ ತಾತ್ಪರ್ಯ.

ನೀವೂ ಮಾಡಿ ನೋಡಿ

ಶಿಕ್ಷಕರು ಇದನ್ನು ತರಗತಿಯ ಪ್ರಯೋಗವಾಗಿ ಮಾಡಿಸಬಹುದು. ಅಂಕಗಳನ್ನು ಓದುವ, ವಿಂಗಡಿಸುವ, ಮುದ್ರಿಸುವ ಒಂದು ಸರಳ 'ಸಿ' ಕ್ರಮವಿಧಿಯನ್ನು ಆರಿಸಿಕೊಳ್ಳಿ. ಯಾವ ಭಾಗ ಶೇಕಡಾ ಎಷ್ಟು ಸಮಯ ಬಳಸೀತು ಎಂದು ಪ್ರತಿ ವಿದ್ಯಾರ್ಥಿಯೂ ಮೊದಲೇ ಚೀಟಿಯಲ್ಲಿ ಬರೆಯಲಿ. ಆಮೇಲೆ ಜಿಪ್ರಾಫ್ ಅಥವಾ ಪರ್ಫ್‌ನಿಂದ ಅಳೆಯಿರಿ. ಅಳತೆ ಕೆಲವೇ ಸ್ಯಾಂಪಲ್‌ಗಳ ಮೇಲೆ ನಿಲ್ಲದಂತೆ ವಿದ್ಯಾರ್ಥಿಗಳ ಸಂಖ್ಯೆಯನ್ನು ಸಾಕಷ್ಟು ದೊಡ್ಡದಾಗಿ ಇಟ್ಟುಕೊಳ್ಳಿ. ಬಳಿಕ ಅದೇ ಮಾಹಿತಿಯನ್ನು ಎರಡು ಮೂರು ಬೇರೆ ಆಯ್ಕೆಗಳೊಂದಿಗೆ ನೋಡಿ.

ವರದಿ ಕೈಗೆ ಬಂದಾಗ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಇದು ಸ್ವಂತ ಸಮಯವೋ, ಮಕ್ಕಳನ್ನೂ ಸೇರಿಸಿದ್ದೋ? ಇದು ಯಾವ ಮೊತ್ತದ ಶೇಕಡಾ? ಎಷ್ಟು ಸ್ಯಾಂಪಲ್‌ಗಳ ಆಧಾರದ ಮೇಲೆ ಬಂದದ್ದು? ಕರೆದವರ ಪಾಲನ್ನು ಕಂಡು ಹೇಳಿದೆಯೋ, ಸರಾಸರಿಯಿಂದ ಹಂಚಿದೆಯೋ? ಈ ಪ್ರಶ್ನೆಗಳು ಗಣಕದ ಪರದೆಗೆ ಮಾತ್ರ ಸೀಮಿತವಲ್ಲ. ಪತ್ರಿಕೆಯಲ್ಲಿ ಬರುವ ಸಮೀಕ್ಷೆ, ಪ್ರಯೋಗಾಲಯದ ವರದಿ, ಶಾಲೆಯ ಫಲಿತಾಂಶ ಎಲ್ಲಕ್ಕೂ ಅನ್ವಯಿಸುತ್ತವೆ. ಮುಂದಿನ ಸಲ ನಿಮ್ಮ ಕ್ರಮವಿಧಿ ನಿಧಾನವಾದಾಗ ತಿದ್ದುವ ಮೊದಲು ಅಳೆಯಿರಿ, ನಂಬುವ ಮೊದಲು ಇನ್ನೊಂದು ಆಯ್ಕೆಯಿಂದಲೂ ಒಮ್ಮೆ ನೋಡಿ.